ಬಲತೋಳಿನ ನಿದ್ದೆ

ಧರ್ಮಪುರದ ಕಡೆ ಬರೀ ಶಿವು ಅಂದರೆ ಯಾವ ಶಿವು ಅಂತ ಕೇಳ್ತಾರೆ, ನಿದ್ದೆ ಶಿವು ಅಂದರೆ ಹಟ್ಟಿಯ ದಾರಿ ತೋರಿಸ್ತಾರೆ. ಹುಡುಗನಾಗಿದ್ದಾಗ ಅವನು ಮಲಗದ ಜಾಗವೇ ಇರಲಿಲ್ಲ ಬಿಡ್ರಿ. ಅಪ್ಪ ಕಾಟಯ್ಯನ ಜೊತೆ ಕುರಿ ಮೇಯಿಸೋಕೆ ಹೋದರೆ ಹೊಂಗೆ ಮರದ ಬುಡದಲ್ಲಿ ಬಿದ್ದುಕೊಳ್ಳೋನು, ನೆರಳು ಸರಿದು ಬಿಸಿಲು ಮುಖಕ್ಕೆ ಬಡಿದರೂ ಮಿಸುಕುತ್ತಿರಲಿಲ್ಲ. ಗೊಬ್ಬರಕ್ಕೆ ಅಂತ ಯಾರದಾದರೂ ಹೊಲದಲ್ಲಿ ಮಂದೆ ತರುಬಿದರೆ ಕುರಿಗಳ ನಡುವೆಯೇ ಕಂಬಳಿ ಹಾಸೋನು, ಕುರಿಗಳು ಅವನ ಹೊಟ್ಟೆ ಮೇಲೆ ಕಾಲಿಟ್ಟು ದಾಟಿಕೊಂಡು ಹೋಗುತ್ತಿದ್ದವು. ಒಂದು ಸಲ ಶೇಂಗಾ ಚೀಲ ಹೇರಿದ ಟ್ರ್ಯಾಕ್ಟರ್ ಮೇಲೆ ಮಲಗಿ ಹಿರಿಯೂರು ಮಾರ್ಕೆಟ್‌ವರೆಗೂ ಹೋಗಿಬಿಟ್ಟಿದ್ದ. ಹಮಾಲಿ ಕಾಲು ಹಿಡಿದು ಎಳೆದಾಗ ಎಚ್ಚರವಾಗಿ, "ಇನ್ನೂ ಊರು ಬಂದಿಲ್ವಾ?" ಅಂತ ಕೇಳಿದನಂತೆ. ಇತ್ತ ಅವ್ವ ಜಯಕ್ಕ ಬಾವಿ ಬಾವಿ ಇಣುಕಿ ನೋಡಿ ಬಂದು ಎದೆ ಬಡಿದುಕೊಳ್ಳುತ್ತಿದ್ದಳು. ಅವನು ಬಸ್ಸಿಳಿದು ಬಂದ ಮೇಲೆ ಪೊರಕೆ ತಿರುಗಿಸಿ ಹಿಡಿದಳು, ಅದು ಬೇರೆ ಮಾತು.

ಅಂಥಾ ನಿದ್ದೆಗೆ ಯಾರ ಕಣ್ಣು ಬಿತ್ತೋ ಏನೋ. ಹಿರಿಯೂರಿನಲ್ಲಿ ಐಟಿಐ ಓದುವಾಗ ಹುಡುಗ ಇದ್ದಕ್ಕಿದ್ದಂಗೆ ಬಡಕಲಾದ. ಕೊಡಗಟ್ಟಲೆ ನೀರು ಕುಡಿಯೋನು, ಗಳಿಗೆಗೊಂದು ಸಲ ಎದ್ದು ಹೊರಗೆ ಹೋಗೋನು. ಕ್ಲಾಸಿನಲ್ಲೇ ಕುಸಿದು ಬಿದ್ದವನನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಸಕ್ಕರೆ ಕಾಯಿಲೆ ಅಂದರು. ಮೈಯೊಳಗೆ ಇನ್ಸುಲಿನ್ ಆಗೋದೇ ನಿಂತೋಗಿದೆ, ಇನ್ನು ಜೀವ ಇರೋವರೆಗೂ ಹೊರಗಿನಿಂದ ಕೊಡಬೇಕು ಅಂದರು. ಕಾಟಯ್ಯ ಡಾಕ್ಟರ ಜೊತೆ ಜಗಳಕ್ಕೇ ನಿಂತ. "ಸಕ್ಕರೆ ಕಾಯಿಲೆ ಪ್ಯಾಟೆ ಸಾವ್ಕಾರ್ರಿಗೆ ಬರೋದು ಸ್ವಾಮಿ. ನಮ್ಮುಡುಗ ಮುದ್ದೆ ಉಂಡು ಕುರಿ ಹಿಂದೆ ಓಡಾಡಿದೋನು. ಸರಿಯಾಗಿ ನೋಡ್ರಿ." ಜಗಳ ಆಡಿದರೆ ಕಾಯಿಲೆ ಹೆದರಿಕೊಂಡು ಓಡಿಹೋಗುತ್ತಾ? ಅವತ್ತಿಂದ ಶುರುವಾಯಿತು ನೋಡ್ರಿ, ಉಣ್ಣೋಕೆ ಮುಂಚೆ ಸೂಜಿ, ಮಲಗೋಕೆ ಮುಂಚೆ ಸೂಜಿ.

ಆದರೂ ಹುಡುಗ ಗಟ್ಟಿಗ. ಐಟಿಐ ಮುಗಿಸಿದ, ಧರ್ಮಪುರದ ಹತ್ತಿರದ ಕರೆಂಟ್ ಸ್ಟೇಷನ್ನಿನಲ್ಲಿ ಆಪರೇಟರ್ ಆದ, ಮಾರಿಕಣಿವೆ ಕಡೆ ಕಾಲುವೆಗೆ ನೀರು ಬಿಡೋ ನೀರುಗಂಟಿಯೊಬ್ಬನ ಮಗಳು ಗಂಗಾಳನ್ನು ಮದುವೆಯಾದ. ಹೆಣ್ಣು ನೋಡೋಕೆ ಹೋದಾಗಲೇ ಸೂಜಿ ಡಬ್ಬಿ ತೆಗೆದು ಚಾಪೆ ಮೇಲಿಟ್ಟು, "ಇದೂ ನನ್ನ ಜೊತೆಗೇ ಬರ್ತದೆ, ನೋಡ್ಕಳ್ರಿ" ಅಂದಿದ್ದ. ಗಂಗಾ ಡಬ್ಬಿ ಕಡೆ ಒಂದು ಸಲ ನೋಡಿ, "ಬರ್ಲಿ ಬಿಡ್ರಿ, ಅದೇನು ಅನ್ನ ಕೇಳ್ತದಾ" ಅಂದಳು. ಮದುವೆ ಆಯಿತು.

ಮದುವೆಯಾದ ವರ್ಷವೇ ಒಂದು ಬೆಳಗ್ಗೆ ಶಿವು ಏಳಲಿಲ್ಲ. ಇವನ ನಿದ್ದೆ ಎಲ್ಲರಿಗೂ ಗೊತ್ತಿದ್ದದ್ದೇ, ಹೊಸ ಹೆಂಡತಿ ಅಲ್ಲಾಡಿಸಿ ಅಲ್ಲಾಡಿಸಿ ಬೇಜಾರಾಗಿ ನೀರು ತರೋಕೆ ಹೋದಳು. ಜಯಕ್ಕ ಸುಮ್ಮನೆ ಹಣೆ ಮುಟ್ಟಿದಳು. ಮೈಯೆಲ್ಲ ತಣ್ಣಗೆ ಬೆವೆತು ಕಂಬಳಿ ನೆಂದು ಹೋಗಿತ್ತು. ಸೂಜಿಯ ಮದ್ದು ಹೆಚ್ಚಾಗಿ ಮೈಯಲ್ಲಿನ ಸಕ್ಕರೆ ತೀರಾ ಇಳಿದುಹೋದರೆ ಹಂಗಾಗೋದು, ಅದಕ್ಕೆ ಲೋ ಆಗೋದು ಅಂತಾರೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಮುಗಿದೇ ಹೋಗುತ್ತಿತ್ತು. ಬೆಲ್ಲದ ನೀರನ್ನು ಬೆರಳಲ್ಲಿ ಅದ್ದಿ ಅದ್ದಿ ಒಸಡಿಗೆ ಸವರಿ, ಮಗನ ಜೀವವನ್ನು ಜಯಕ್ಕ ವಾಪಸ್ ಎಳಕೊಂಡು ಬಂದಳು. ಆ ದಿನದಿಂದ ಅವಳ ಕೈಗೆ ಒಂದು ಚಾಳಿ ಹತ್ತಿತು. ಮಗ ಮಲಗಿದ್ದ ಅಂದರೆ ಸಾಕು, ಬಂದು ಕತ್ತಿನ ಹಿಂದೆ ಬೆವರು ಐತಾ ಅಂತ ಮುಟ್ಟಿ ನೋಡಿ ಹೋಗೋಳು. ಸಕ್ಕರೆ ಡಬ್ಬಿ ಅಡುಗೆಮನೆ ಬಿಟ್ಟು ಶಿವುವಿನ ತಲೆದಿಂಬಿನ ಹತ್ತಿರಕ್ಕೆ ಬಂತು.

ಮಗಳು ಕಾವ್ಯಶ್ರೀ ಹುಟ್ಟಿ ಒಂದೆರಡು ವರ್ಷಕ್ಕೆ, ಚಿತ್ರದುರ್ಗದ ಡಾಕ್ಟರು ಯಾವುದೋ ಟ್ರಸ್ಟಿನವರಿಗೆ ಹೇಳಿ ಶಿವುವಿಗೆ ಇನ್ಸುಲಿನ್ ಪಂಪ್ ಕೊಡಿಸಿದರು. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು. ಅದರಿಂದ ಸಣ್ಣ ಟ್ಯೂಬು ಹೊರಟು ಹೊಟ್ಟೆಗೆ ಅಂಟಿಸಿದ ಪಟ್ಟಿಯ ಕೆಳಗೆ ಚರ್ಮದೊಳಕ್ಕೆ ಹೋಗುತ್ತೆ. ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಲೇ ಇರುತ್ತೆ. ಸೂಜಿಯ ಕಾಟ ತಪ್ಪಿತು, ನಿದ್ದೆಯ ಕಾಟ ಹತ್ತಿತು. ಸ್ನಾನಕ್ಕೆ ಒಂದಿಷ್ಟು ಹೊತ್ತು ಬಿಚ್ಚಬಹುದು, ಮಲಗುವಾಗ ಮಾತ್ರ ಬಿಚ್ಚೋ ಹಂಗಿಲ್ಲ. ಕುರಿ ತುಳಿದರೂ ಏಳದಿದ್ದ ಮನುಷ್ಯ ಈ ಪೊಟ್ಟಣ ಕಟ್ಟಿಕೊಂಡು ಹೆಂಗೆ ಮಲಗೋದು ಅಂತ ತಿಳಿಯದೆ ಒದ್ದಾಡಿಹೋದ. ಲುಂಗಿಯ ಗಂಟಿಗೆ ಸಿಕ್ಕಿಸಿದ, ಮಗ್ಗಲು ಬದಲಿಸಿದರೆ ಲುಂಗಿಯೇ ಒಂದು ದಿಕ್ಕು, ಪಂಪೇ ಒಂದು ದಿಕ್ಕು. ದಿಂಬಿನ ಕೆಳಗಿಟ್ಟ, ಮರೆತು ಎದ್ದು ನಿಂತಾಗ ಹೊಟ್ಟೆಯ ಪಟ್ಟಿ ಕಿತ್ತು ಬಂದು "ಅವ್ವಾ" ಅಂತ ಕೂಗಿದ. ಜೇಬಿರೋ ಚಡ್ಡಿ ಹಾಕಿದರೆ ಸೊಂಟಕ್ಕೆ ಒತ್ತಿ ಕೆಂಪಗೆ ಬರೆ. ಅವನು ಹೊರಳಿದಾಗೆಲ್ಲ ಗಂಗಾ ಎದ್ದು ಟ್ಯೂಬು ಹುಡುಕೋಳು. "ಸಂಸಾರ ಮಾಡ್ತಿದೀನೋ ನಿಮ್ಮ ವೈರು ಕಾಯ್ತಿದೀನೋ" ಅಂತ ಅವಳಿಗೂ ರೇಗಿತು.

ದಾರಿ ತೋರಿಸಿದ್ದು ಕಾಟಯ್ಯ. ಶಿವು ಓದಿದ ಮೇಲೆ ಉಡದಾರ ಕಟ್ಟೋದು ಬಿಟ್ಟಿದ್ದ, ಸೊಂಟದಲ್ಲಿ ಕರಿದಾರ ನೋಡಿ ಐಟಿಐ ಹುಡುಗರು ನಕ್ಕಿದ್ದರಂತೆ. ಅಪ್ಪನಿಗೆ ಆ ಸಿಟ್ಟು ಹೊಟ್ಟೆಯೊಳಗೇ ಇತ್ತು. "ಗಂಡಸಾದೋನು ಉಡದಾರ ಇಲ್ದಂಗೆ ಇರ್ತಾನೇನೋ? ನಡಿ, ಕಟ್ಕ" ಅಂತ ಹೊಸ ಉಡದಾರ ಹೊಸೆದು ಎರಡೆಳೆ ಮಾಡಿ ಕಟ್ಟಿದ. ಗಂಗಾ ಹಳೇ ರವಿಕೆಬಟ್ಟೆಯಲ್ಲಿ ಪಂಪಿಗೊಂದು ಪುಟ್ಟ ಚೀಲ ಹೊಲಿದು ಉಡದಾರಕ್ಕೆ ಪೋಣಿಸಿದಳು. ಪಟ್ಟಿ ಹೊಟ್ಟೆಯ ಬಲಗಡೆ, ಚೀಲ ಹೊಕ್ಕುಳ ಪಕ್ಕ. ಎಡಮಗ್ಗಲಾಗಿ ಮಲಗಿದರೆ ಯಾವುದೂ ಒತ್ತುತ್ತಿರಲಿಲ್ಲ. ಹೊರಳಿದರೆ ಉಡದಾರದ ಜೊತೆ ಚೀಲವೂ ಸರಿದುಕೊಂಡು ಬರೋದು. ಶಿವು ಆ ದಿನ ಹೊಡೆದ ಗೊರಕೆಗೆ ಕಾಟಯ್ಯ ಮೀಸೆ ತಿರುವಿಕೊಂಡು ಹಟ್ಟಿಯಲ್ಲೆಲ್ಲ ಹೇಳಿಕೊಂಡು ಬಂದ, ತಾನೇ ಪಂಪ್ ಕಂಡುಹಿಡಿದೋನ ಥರ.

ಇನ್ನು ಅವನ ಮಧ್ಯಾಹ್ನದ ನಿದ್ದೆಯ ವಿಷಯ. ಕೇಳೋಕೆ ಸಣ್ಣದು, ಅವನ ಪಾಲಿಗೆ ಜಗತ್ತೇ ಅದು. ಸ್ಟೇಷನ್ನಿನಲ್ಲಿ ಅವನಿಗೆ ಹೆಚ್ಚಾಗಿ ರಾತ್ರಿ ಪಾಳಿ. ಮೂರು ಫೇಸ್ ಯಾವಾಗ ಬಿಡ್ತೀಯಪ್ಪ, ಮೋಟ್ರು ಹಾಕಬೇಕು ಅಂತ ರೈತರು ಫೋನು ಮಾಡಿ ಬೈಯೋದನ್ನೆಲ್ಲ ಕೇಳಿಸಿಕೊಂಡು ಬೆಳಗ್ಗೆ ಮನೆಗೆ ಬರೋನು. ಸ್ನಾನ, ಊಟ, ಒಂದಿಷ್ಟು ಕುರಿಯ ಕೆಲಸ. ಬಿಸಿಲು ನೆತ್ತಿಗೇರುವ ಹೊತ್ತಿಗೆ ನಡುಮನೆಯಲ್ಲಿ ಕಂಬಳಿ ಹಾಸೋನು. ಅಷ್ಟೊತ್ತಿಗೆ ಅಂಗನವಾಡಿಯಲ್ಲಿ ಉಂಡು ಅಜ್ಜಿಯ ಕೈ ಹಿಡಿದು ಕಾವ್ಯ ಬರೋಳು. ಚಪ್ಪಲಿ ಒಂದು ಅಂಗಳದಲ್ಲಿ, ಇನ್ನೊಂದು ಬಾಗಿಲಲ್ಲಿ. ನೆಟ್ಟಗೆ ಬಂದು ಅಪ್ಪನ ಬಲತೋಳಿನ ಮೇಲೆ ತಲೆಯಿಟ್ಟು, ಒಂದು ಕಾಲು ಅವನ ತೊಡೆ ಮೇಲೆ ಎಸೆಯೋಳು. ಅಂಗನವಾಡಿ ಉಪ್ಪಿಟ್ಟಿನ ವಾಸನೆ, ತಲೆಗೂದಲ ಹರಳೆಣ್ಣೆ ವಾಸನೆ, ಬೆವರಿದ ಪುಟ್ಟ ಹಣೆ. ಶಿವು ಅವಳಿಗೋಸ್ಕರ ಎಡಮಗ್ಗಲು ಬಿಟ್ಟು ಅಂಗಾತ ಮಲಗೋದು ಕಲಿತ.

"ಅಪ್ಪಾ, ಇದು ಮಲಗಲ್ವಾ?" ಅಂತ ಚೀಲದೊಳಗಿನ ಪಂಪನ್ನು ತಡವಿ ಕೇಳೋಳು.

"ಇಲ್ಲವ್ವಾ. ಅದಕ್ಕೆ ಯಾವಾಗ್ಲೂ ಡ್ಯೂಟಿ."

"ಪಾಪ" ಅಂದು, ಪಂಪಿಗೆ ಎರಡು ಸಲ ತಟ್ಟಿ, ಆ ಮಾತು ಮುಗಿಯೋದರೊಳಗೆ ಮಲಗಿಬಿಡೋಳು. ನಿದ್ದೆಯಲ್ಲಿ ಅಪ್ಪನ ಮಗಳೇ ಅವಳು. ತೋಳು ಜೋಮು ಹಿಡಿದು ಇರುವೆ ಹರಿದಂಗಾದರೂ ಶಿವು ಅಲ್ಲಾಡುತ್ತಿರಲಿಲ್ಲ. ಆ ಜೋಮು ಅಂದರೆ ಅವನಿಗೆ ಪ್ರೀತಿ ಕಣ್ರಿ. ಸ್ಟೇಷನ್ನಿನಲ್ಲಿ ಕೂತಾಗ ತೋಳು ನೀವಿಕೊಂಡು ತನ್ನಷ್ಟಕ್ಕೆ ತಾನೇ ನಗೋನು.

ಇದೆಲ್ಲ ಚೆನ್ನಾಗೇ ನಡೆದಿತ್ತು. ಆಮೇಲೆ ಬಂತು ಬಿಲ್ಲೆ.

ಡಾಕ್ಟರೇ ಒಳ್ಳೇದಕ್ಕೆ ಅಂತ ಕೊಟ್ಟಿದ್ದು. ಐದು ರೂಪಾಯಿ ಬಿಲ್ಲೆಯಷ್ಟಗಲದ ಸೆನ್ಸರ್ರು, ತೋಳಿನ ಹಿಂಭಾಗಕ್ಕೆ ಅಂಟಿಸಿಕೊಳ್ಳೋದು. ಮೈಯಲ್ಲಿ ಸಕ್ಕರೆ ಎಷ್ಟಿದೆ ಅಂತ ಅದು ಫೋನಿಗೆ ಹೇಳುತ್ತಲೇ ಇರುತ್ತೆ, ತೀರಾ ಇಳಿದರೆ ಫೋನು ಕೂಗಿಕೊಳ್ಳುತ್ತೆ. ಶಿವು ಎಡಚ, ಅಂಟಿಸೋಕೆ ಬಲತೋಳೇ ಅನುಕೂಲ. ಜಯಕ್ಕನಿಗೆ ಅದನ್ನು ಕಂಡು ಪ್ರಾಣ ಬಂದಂಗಾಯಿತು. "ಇನ್ನು ನನ್ನ ಕೈಗೆ ರಜ ಕಣಪ್ಪ" ಅಂದಳು.

ಎಲ್ಲಿ ರಜ? ಮೊದಲನೇ ವಾರದಲ್ಲೇ ಒಂದು ಮಧ್ಯಾಹ್ನ, ಅಪ್ಪ ಮಗಳು ಒಳ್ಳೇ ನಿದ್ದೆಯಲ್ಲಿದ್ದಾಗ ಫೋನು ಕಿರ್ರೋ ಅಂತ ಅರಚಿತು. ಶೇಂಗಾ ಸುಲಿಯುತ್ತಿದ್ದ ಜಯಕ್ಕ ಮೊರ ಚೆಲ್ಲಿ ಓಡಿಬಂದಳು. ಮಗ ಏಳದಿದ್ದ ಆ ಹಳೇ ಬೆಳಗ್ಗೆ ಅವಳ ಕಣ್ಣ ಮುಂದೆ ಬಂದಿತ್ತು. ಶಿವು ಕಣ್ಣು ಬಿಡೋದರೊಳಗೆ ಬಾಯಿ ತುಂಬ ಸಕ್ಕರೆ. ಕಾವ್ಯ ಬೆಚ್ಚಿಬಿದ್ದು ಅಳೋಕೆ ಶುರು. ಎಲ್ಲ ಆದ ಮೇಲೆ ಗಂಗಾ ಅವನ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮೇಲೇರಿತ್ತು. ಬದುಕಿದೆವು ಅಂದುಕೊಂಡರು. ಬಾಯಿ ತುಂಬ ಸಕ್ಕರೆ ತುರುಕಿದ ಮೇಲೆ ಏರದೆ ಇನ್ನೇನಾಗುತ್ತೆ ಅಂತ ಆ ಮನೆಯಲ್ಲಿ ಒಬ್ಬರಿಗಾದರೂ ಹೊಳೀಬಾರದಾ! ಹೊಳೆಯಲಿಲ್ಲ. ಹೆದರಿದವರಿಗೆ ಎಲ್ಲಿ ಹೊಳೆಯುತ್ತೆ.

ಮಾರನೇ ದಿನವೂ ಕೂಗಿತು. ಅದರ ಮುಂದಿನ ವಾರವೂ ಕೂಗಿತು. ಗಂಗಾ ಮಗಳನ್ನು ಕರಕೊಂಡು ತವರಿಗೆ ಹೋದಾಗ ಮಾತ್ರ ಶಿವು ಒಬ್ಬನೇ ಎಡಮಗ್ಗಲಾಗಿ ಮಲಗಿದ, ಫೋನು ತುಟಿ ಪಿಟಕ್ಕೆನ್ನಲಿಲ್ಲ. ಅವರು ವಾಪಸ್ ಬಂದ ದಿನವೇ ಮತ್ತೆ ಅರಚಿತು. ಜಯಕ್ಕ ಇದನ್ನೆಲ್ಲ ಗಮನಿಸುತ್ತಲೇ ಇದ್ದಳು. ಜೀವಮಾನವೆಲ್ಲ ಕುರಿ ಸಾಕಿದ ಹೆಂಗಸು, ಯಾವ ಕುರಿ ಯಾಕೆ ಸೊರಗಿತು ಅಂತ ನೋಡಿ ನೋಡಿಯೇ ತಿಳಿದುಕೊಂಡವಳು. ಸಂಜೆ ಗಂಗಾಳನ್ನು ಪಕ್ಕಕ್ಕೆ ಕರೆದಳು.

"ಗಂಗಾ, ಕೂಸು ಹತ್ರ ಮಲಗಿದಾಗ್ಲೇ ಇವನಿಗೆ ಇಳೀತಿರೋದು. ನೀನೇ ನೋಡಿದೀಯಲ್ಲ?"

"ಅದೆಂಗತ್ತೆ ಆಗ್ತದೆ?"

"ಹೆಂಗೋ ನನಗೆ ಗೊತ್ತಿಲ್ಲಮ್ಮ. ದೊಡ್ಡ ಮರಿ ತಾಯೀನ ಬಿಡದಂಗೆ ಜಗ್ತಾ ಇದ್ರೆ ತಾಯಿ ಸೊರಗ್ತದೆ. ಆವಾಗ ಮರೀನ ಬ್ಯಾರೆ ಗೂಡಿಗೆ ಹಾಕ್ತೀವಿ. ಒಂದೆರಡು ದಿನ ಅರಚ್ತದೆ, ಆಮೇಲೆ ಸುಮ್ಕಾಗ್ತದೆ. ಇಲ್ಲೂ ಹಂಗೇ ಮಾಡಾಣ. ಇವನ ಮೈಯಾಗಿನ ಸತ್ವ ಮೊದಲೇ ಕಮ್ಮಿ."

ಗಂಗಾ ಪಿಯುಸಿ ಓದಿದವಳು, ಇದನ್ನು ನಂಬಿದಳಾ ಅಂದರೆ ಇಲ್ಲ. ನಂಬಲಿಲ್ಲ ಅಂದರೆ ಅದೂ ಸುಳ್ಳು. ಫೋನು ಕೂಗೋದನ್ನು ಅವಳೂ ಕಿವಿಯಾರೆ ಕೇಳಿದ್ದಳು. ಶಿವುವಿಗೆ ಹೇಳಿದಾಗ ಅವನು ರೇಗಿಬಿದ್ದ, "ನನ್ನ ಮಗಳೇನು ಜಿಗಣೆಯಾ?" ಅಂತ ಅವ್ವನ ಮೇಲೆ ಹರಿಹಾಯ್ದ. ಜಯಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು, "ನಿನ್ನ ಒಂದು ಸಲ ಸಾವಿನ ಬಾಯಿಂದ ಎಳಕಂಡು ಬಂದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲ ಕಣೋ" ಅಂದಳು. ಅದಕ್ಕೆ ಯಾವ ಮಗ ಏನಂತಾನೆ? ಅವನೊಳಗೂ ಒಂದು ಹೆದರಿಕೆ ಇತ್ತು, ಯಾರಿಗೂ ಹೇಳದ್ದು. ನಿದ್ದೆಯಲ್ಲೇ ತಾನು ಹೋಗಿಬಿಟ್ಟರೆ, ಮಗು ಎಚ್ಚರವಾಗಿ ತನ್ನನ್ನು ಎಬ್ಬಿಸುತ್ತಾ ಕೂತಿದ್ದರೆ! ಆ ಹೆದರಿಕೆಗೆ ಅವನು ಸೋತ. ಹೂಂ ಅಂದ.

ಕಾವ್ಯಳ ಮಧ್ಯಾಹ್ನದ ಹಾಸಿಗೆ ಒಳಕೋಣೆಗೆ, ಅಜ್ಜಿಯ ಪಕ್ಕಕ್ಕೆ ಹೋಯಿತು. ಮಗು ಬಾಗಿಲು ಬಡಿಯಿತು, ನೆಲಕ್ಕೆ ಬಿದ್ದು ಹೊರಳಿತು, "ಅಪ್ಪನತ್ರ, ಅಪ್ಪನತ್ರ" ಅಂತ ಬಿಕ್ಕಿತು. ನಡುಮನೆಯ ಕಂಬಳಿಯ ಮೇಲೆ ಶಿವು ಕಿವಿಗೆ ದಿಂಬು ಒತ್ತಿಕೊಂಡು ಬಿದ್ದಿರುತ್ತಿದ್ದ. ಸಂತೈಸಿ ಸಂತೈಸಿ ಸಾಕಾಗಿ ಜಯಕ್ಕ ಒಂದು ದಿನ ಮಗುವಿನ ಗಲ್ಲ ಹಿಡಿದು ಹೇಳಿಬಿಟ್ಟಳು. "ನೋಡು ಚಿನ್ನ, ನೀನು ಅಪ್ಪನತ್ರ ಮಲಗಿದ್ರೆ ಅಪ್ಪನ ಮೈಯಾಗಿನ ಸಕ್ಕರೆ ಎಲ್ಲಾ ಇಳಿದೋಗ್ತದೆ. ಆಮೇಲೆ ಅಪ್ಪ ಏಳದೇ ಇಲ್ಲ. ನಿನಗೆ ಅಪ್ಪ ಬೇಕಾ, ಬ್ಯಾಡ್ವಾ?" ಕಾವ್ಯ ಅಳು ನಿಲ್ಲಿಸಿ ಅಜ್ಜಿಯ ಮುಖವನ್ನೇ ನೋಡಿದಳು. "ಬೇಕು" ಅಂದಳು. ಅವತ್ತಿಂದ ಬಾಗಿಲು ಬಡಿಯಲಿಲ್ಲ.

ಅಯ್ಯೋ ಜಯಕ್ಕ, ಎಂಥಾ ಮಾತು ಆಡಿಬಿಟ್ಟೆ ತಾಯಿ!

ಶಿವುವಿಗೆ ಈ ಮಾತು ಗೊತ್ತಿರಲಿಲ್ಲ. ಮಗಳು ಹಟ ಬಿಟ್ಟಿದ್ದಾಳೆ ಅಂತ ಮನೆಯವರೆಲ್ಲ ಸಮಾಧಾನ ಪಟ್ಟರೆ ಇವನೊಬ್ಬನಿಗೆ ಸಮಾಧಾನವಿಲ್ಲ. ಫೋನು ಕೂಗುತ್ತಿರಲಿಲ್ಲ, ಮನೆಯಲ್ಲಿ ಸದ್ದಿರಲಿಲ್ಲ, ನಿದ್ದೆ ಮಾಡೋಕೆ ಇನ್ನೇನು ಬೇಕು ಹೇಳ್ರಿ? ಆದರೆ ನಿದ್ದೆ ಶಿವುವಿಗೆ ನಿದ್ದೆ ಹತ್ತಲಿಲ್ಲ. ಅಭ್ಯಾಸಕ್ಕೆ ಬಲತೋಳು ಚಾಚುತ್ತಿದ್ದ, ಚಾಚಿದ್ದು ನೆನಪಾಗಿ ಮಡಿಚಿಕೊಳ್ಳುತ್ತಿದ್ದ. ತೋಳು ಹಗುರವಾಗಿರೋದೇ ಅವನಿಗೆ ಭಾರ. ಸ್ಟೇಷನ್ನಿನಲ್ಲಿ ಜೊತೆಗಾರ ತಿಮ್ಮೇಶ್, "ಯಾಕ್ಲೇ ಶಿವಾ, ಕಣ್ಣೆಲ್ಲ ಕೆಂಡ ಆಗ್ಯಾವೆ?" ಅಂತ ಕೇಳಿದರೆ, "ಸೆಕೆ ಕಣೋ" ಅಂತ ಹಾರಿಸಿಬಿಡೋನು. ಮಗಳು ಪಕ್ಕದ ಕೋಣೆಯಲ್ಲೇ ಇದ್ದಾಳೆ, ಆದರೂ ನನಗೆ ಮಗಳು ಬೇಕು ಅನ್ನಿಸ್ತದೆ ಅಂತ ಯಾರ ಹತ್ತಿರ ಹೇಳಿಕೊಳ್ಳೋದು? ಕೇಳಿದೋರು ನಗಲ್ವಾ?

ಒಂದು ಮಧ್ಯಾಹ್ನ ತಡೆಯೋಕಾಗಲಿಲ್ಲ. ಜಯಕ್ಕ ಹೊಲಕ್ಕೆ ಹೋಗಿದ್ದಳು, ಗಂಗಾ ಬಟ್ಟೆ ಒಗೆಯುತ್ತಿದ್ದಳು. ಕಾವ್ಯ ಒಳಗೆ ಒಬ್ಬಳೇ ನಿದ್ದೆ ಹೋಗಿದ್ದಳು. ಶಿವು ಕಳ್ಳನ ಹಾಗೆ ಹೋಗಿ ಮಗಳನ್ನು ಎತ್ತಿಕೊಂಡು ಬಂದು ತೋಳಿನ ಮೇಲೆ ಮಲಗಿಸಿಕೊಂಡ. ಅದೇ ಹರಳೆಣ್ಣೆ ವಾಸನೆ. ಆಹಾ, ಎಷ್ಟು ದಿನವಾಗಿತ್ತು! ಅವನ ಕಣ್ಣು ತಾನಾಗೇ ಮುಚ್ಚಿತು. ಸ್ವಲ್ಪ ಹೊತ್ತಿಗೇ ಫೋನು ಅರಚಿತು. ಕಾವ್ಯ ದಡಕ್ಕನೆ ಎದ್ದು ಕೂತಳು. ತಾನು ಎಲ್ಲಿದ್ದೀನಿ ಅಂತ ನೋಡಿದಳು, ಅಪ್ಪನ ತೋಳು ನೋಡಿದಳು. ಆಮೇಲೆ ಬರಿಗಾಲಲ್ಲಿ ಬೀದಿಗೆ ಓಡಿದಳು. "ಅಜ್ಜೀ, ಅಪ್ಪ ಸಾಯ್ತಾನೆ! ನಾನು ಮಲಗಿಬಿಟ್ಟೆ! ಅಪ್ಪ ಸಾಯ್ತಾನೆ!"

ಹಟ್ಟಿಯ ಕಟ್ಟೆ ಮೇಲಿದ್ದವರೆಲ್ಲ ಎದ್ದು ಬಂದರು. ಶಿವು ಬಾಗಿಲಲ್ಲಿ ನಿಂತು, "ಏನೂ ಇಲ್ಲ, ಏನೂ ಆಗಿಲ್ಲ, ಹೋಗ್ರಿ" ಅಂತ ಕೈ ಆಡಿಸುತ್ತಿದ್ದ. ಮಗಳನ್ನು ಹಿಡಿದು ಎತ್ತಿಕೊಂಡರೆ ಅವಳು ಅವನ ಎದೆಗೆ ಕೈ ಕೊಟ್ಟು ತಳ್ಳುತ್ತಿದ್ದಳು. ಅವ್ವ ಏನು ಹೇಳಿದ್ದಾಳೆ ಅಂತ ಅವನಿಗೆ ತಿಳಿದದ್ದು ಅವತ್ತೇ. ಅವ್ವನನ್ನು ಬೈಯೋದಾದರೂ ಹೆಂಗೆ, ಫೋನು ಕೂಗಿದ್ದು ನಿಜ ತಾನೆ? ಅದಾದ ಮೇಲೆ ಅವನು ಮಗಳನ್ನು ಪಕ್ಕಕ್ಕೆ ಕರೆಯಲಿಲ್ಲ.

ಬೇಸಿಗೆ ಕಳೆದು ಕಾವ್ಯ ಒಂದನೇ ಕ್ಲಾಸಿಗೆ ಸೇರಿದಳು. ಅದೇ ತಿಂಗಳು ಶಿವು ಚಿತ್ರದುರ್ಗಕ್ಕೆ ತೋರಿಸೋಕೆ ಹೋದ. ಡಾಕ್ಟರ ಹತ್ತಿರ ಸಕ್ಕರೆ ರೋಗಿಗಳಿಗೆ ತಿಳಿಹೇಳೋಕೆ ಅಂತಲೇ ಹೇಮಾವತಿ ಅನ್ನೋ ಸಿಸ್ಟರ್ ಇದ್ದರು. ಆ ಸಲ ಅವರು ಬಿಲ್ಲೆ ಬರೆದಿಟ್ಟ ಹಳೇ ದಿನಗಳ ಸಕ್ಕರೆಯ ಗೆರೆಯನ್ನೂ ಕಂಪ್ಯೂಟರಿನಲ್ಲಿ ತೆಗೆದು ನೋಡಿದರು. ನೋಡಿ ಹುಬ್ಬು ಗಂಟು ಹಾಕಿದರು.

"ಶಿವು, ಇದೇನ್ರಿ ಇದು, ಮಧ್ಯಾಹ್ನ ಆದ್ರೆ ಸಾಕು, ಗೆರೆ ಬಾವಿಗೆ ಬಿದ್ದಂಗೆ ಬಿದ್ದು, ಸ್ವಲ್ಪ ಹೊತ್ತಿಗೆ ಹಂಗೇ ಮೇಲೆ ಬಂದೈತೆ? ಆಮೇಲೆ ಕೆಲವು ತಿಂಗಳಿಂದ ಇಲ್ಲವೇ ಇಲ್ಲ. ಮಧ್ಯಾಹ್ನ ಹೆಂಗೆ ಮಲಗ್ತಿದ್ರಿ?"

ಶಿವು ನಾಚಿಕೊಂಡೇ ಹೇಳಿದ. "ಮಗಳು ತೋಳ ಮೇಲೆ ಮಲಗ್ತಿದ್ಳು ಮೇಡಂ. ಈಗ ಬಿಡಿಸೀವಿ. ಅವಳು ಮಲಗಿದ್ರೆ ನನಗೆ ಲೋ ಆಗ್ತಿತ್ತು."

"ಯಾವ ತೋಳು?"

ಶಿವು ಬಲತೋಳು ತೋರಿಸಿದ. ಬಿಲ್ಲೆ ಅಲ್ಲೇ ಇತ್ತು. ಹೇಮಾವತಿ ಮೊದಲು ನಕ್ಕರು, ಅವನ ಮುಖ ನೋಡಿ ನಗು ನಿಲ್ಲಿಸಿದರು. "ಅಯ್ಯೋ ದೇವ್ರೇ. ನಿಮಗೆ ಲೋ ಆಗಿಲ್ಲ ಕಣ್ರಿ. ಈ ಸೆನ್ಸರ್ ಮೇಲೆ ಭಾರ ಬಿದ್ರೆ ಆ ಜಾಗ ಅದುಮಿಕೊಂಡು ಅದಕ್ಕೆ ಸಕ್ಕರೆ ಗೊತ್ತಾಗಲ್ಲ, ಇಳಿದೋಯ್ತು ಅಂತ ಸುಳ್ಳೇ ಕೂಗ್ತದೆ. ರಕ್ತದಾಗೆ ಎಲ್ಲಾ ಸರಿಯಾಗೇ ಇರ್ತದೆ. ಕೂಗಿದ ತಕ್ಷಣ ಬೆರಳು ಚುಚ್ಚಿ ನೋಡ್ಲಿಲ್ವಾ?"

"ನೋಡ್ತಿದ್ವಿ ಮೇಡಂ. ಸಕ್ಕರೆ ತಿಂದ ಮೇಲೆ."

ಅವರು ಬಲತೋಳಿನ ಬಿಲ್ಲೆ ತೆಗೆದು ಎಡತೋಳಿಗೆ ಹೊಸದು ಅಂಟಿಸಿದರು. ಕೂಗಿದರೆ ಬೆರಳು ಚುಚ್ಚೋದು ಮೊದಲು, ಬೆವರಿ ನಡುಗುವ ಹಂಗಿದ್ದರೆ ಮಾತ್ರ ಕಾಯದೆ ಸಕ್ಕರೆ ತಿನ್ನೋದು ಅಂತ ಮತ್ತೊಮ್ಮೆ ಹೇಳಿಕೊಟ್ಟರು. "ಮಗಳನ್ನ ಧಾರಾಳವಾಗಿ ಮಲಗಿಸ್ಕಳ್ರಿ" ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಕೂತು ಶಿವು ನಕ್ಕ, ನಗುತ್ತಾ ನಗುತ್ತಾ ಅತ್ತುಬಿಟ್ಟ. ಪಕ್ಕದಲ್ಲಿ ಕೂತಿದ್ದ ಹೆಂಗಸು ಬ್ಯಾಗು ಎತ್ತಿಕೊಂಡು ಸರಿದು ಕೂತಳು. ಅವನಿಗೆ ಅದರ ಪರಿವೆ ಇರಲಿಲ್ಲ. ಒಂದು ತಲೆ, ಹಿಡಿಯಷ್ಟು ಕೂದಲಿನ ಒಂದು ಪುಟ್ಟ ತಲೆಯ ಭಾರ, ಅಷ್ಟಕ್ಕೇ ಇಷ್ಟೆಲ್ಲ ಆಯಿತಾ! ಬಿಲ್ಲೆಯನ್ನು ಇನ್ನೊಂದು ತೋಳಿಗೆ ಬದಲಾಯಿಸಿದ್ದರೆ ಮುಗಿದುಹೋಗುತ್ತಿತ್ತಲ್ಲ. ಹಿರಿಯೂರು ದಾಟಿ ಬಸ್ಸು ಧರ್ಮಪುರದ ರಸ್ತೆ ಹಿಡಿಯೋ ಹೊತ್ತಿಗೆ ಸಿಟ್ಟೆಲ್ಲ ಇಳಿದು ಒಂದೇ ಒಂದು ಆಸೆ ಉಳಿದಿತ್ತು. ಬರೋ ಭಾನುವಾರ ಮಧ್ಯಾಹ್ನ ಕಂಬಳಿ ಹಾಸಬೇಕು, ಮಗಳು ಬಂದು ಕಾಲು ಎಸೆದು ಮಲಗಬೇಕು.

ಮನೆಗೆ ಬಂದವನೇ ಎಲ್ಲರನ್ನೂ ಕೂರಿಸಿದ. "ಅವ್ವಾ, ಬಾ ಇಲ್ಲಿ. ಈ ಬಿಲ್ಲೆ ಮೇಲೆ ಅಂಗೈಯಿಟ್ಟು ಜೋರಾಗಿ ಅದುಮು, ಬಿಡಬ್ಯಾಡ" ಅಂದ. ಜಯಕ್ಕ ಅದುಮಿ ಹಿಡಿದಳು. ಕಾಟಯ್ಯ, ಗಂಗಾ, ಕಾವ್ಯ ಸುತ್ತ ಕೂತು ನೋಡುತ್ತಿದ್ದರು. ಬಹಳ ಹೊತ್ತಾಯಿತು, ಜಯಕ್ಕನ ಕೈ ಸೋತಿತು, ಆಗ ಫೋನು ಕಿರ್ರೋ ಅಂದಿತು. ಜಯಕ್ಕ ಸಕ್ಕರೆ ಡಬ್ಬಿಗೆ ಕೈ ಹಾಕಿದಳು. "ತಡಿ" ಅಂತ ಶಿವು ಬೆರಳು ಚುಚ್ಚಿ ತೋರಿಸಿದ. ರಕ್ತದಲ್ಲಿ ಸಕ್ಕರೆ ಸರಿಯಾಗೇ ಇತ್ತು. ಗಂಗಾ ತಲೆ ತಲೆ ಚಚ್ಚಿಕೊಂಡಳು. ಜಯಕ್ಕ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಮೊಮ್ಮಗಳನ್ನು ಬರಸೆಳೆದು, "ನಾನು ಹೇಳಿದ್ದು ಸುಳ್ಳು ಕಣವ್ವಾ, ಅಜ್ಜಿ ದಡ್ಡಿ, ನೀನು ಅಪ್ಪನತ್ರ ಮಲಕ್ಕ, ಏನೂ ಆಗಲ್ಲ" ಅಂತ ಅಳೋಕೆ ಶುರುಮಾಡಿದಳು. ಕಾವ್ಯ ಹೂಂ ಅಂದಳು. ಮಕ್ಕಳು ಎಲ್ಲದಕ್ಕೂ ಹೂಂ ಅಂತಾರೆ.

ಭಾನುವಾರ ಬಂತು. ಶಿವು ಬೆಳಗ್ಗೆಯಿಂದಲೇ ಸಡಗರ ಪಟ್ಟುಕೊಂಡು ಕಂಬಳಿ ಕೊಡವಿ ಬಿಸಿಲಿಗೆ ಹಾಕಿದ್ದ. ಊಟವಾದ ಮೇಲೆ ಹಾಸಿದ, ಅಂಗಾತ ಮಲಗಿದ, ಬಲತೋಳು ಚಾಚಿದ. "ಬಾರವ್ವಾ, ಮಲಕ್ಕಳಾಣ."

ಕಾವ್ಯ ಬಂದಳು. ಕಂಬಳಿಯ ಅಂಚಿನವರೆಗೂ ಬಂದು, ಅಲ್ಲೇ ನೆಲದ ಮೇಲೆ ಕೂತಳು. ಫೋನು ಎತ್ತಿ ತೊಡೆ ಮೇಲಿಟ್ಟುಕೊಂಡಳು.

"ನೀನು ಮಲಕ್ಕ ಅಪ್ಪ. ನಾನು ನೋಡ್ಕಂತೀನಿ."

"ಅವತ್ತು ತೋರಿಸ್ಲಿಲ್ವಾ ಚಿನ್ನ, ಅದು ಸುಳ್ಳೇ ಕೂಗ್ತದೆ ಅಂತ? ಈ ತೋಳಿನಾಗೆ ಈಗ ಏನೂ ಇಲ್ಲ. ಮುಟ್ಟಿ ನೋಡು."

ಕಾವ್ಯ ಮುಟ್ಟಲಿಲ್ಲ. "ನನಗೆ ನಿದ್ದೆ ಬಂದಿಲ್ಲ" ಅಂದಳು. ಆಕಳಿಸಿ, ಆಕಳಿಕೆ ಕಾಣದ ಹಾಗೆ ಬಾಯಿ ಮುಚ್ಚಿಕೊಂಡಳು.

ಶಿವು ಬಲವಂತ ಮಾಡಲಿಲ್ಲ. ತಾನು ಮಲಗಿದರೆ ತಾನಾಗೇ ಬರ್ತಾಳೆ ಅಂದುಕೊಂಡು ಕಣ್ಣು ಮುಚ್ಚಿದ. ಕಿವಿ ಮಾತ್ರ ತೆರೆದೇ ಇತ್ತು. ಒಂದು ಸಲ ಅವಳು ಸರಿದ ಸದ್ದು ಕೇಳಿಸಿತು. ರೆಪ್ಪೆಯ ಸಂದಿಯಿಂದ ನೋಡಿದ. ಅವಳ ಕಾಲ್ಬೆರಳು ಕಂಬಳಿಗೆ ತಾಕಿತ್ತು, ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ ಪುಟ್ಟ ಬೆರಳೊಂದು ಅವನ ಕತ್ತಿನ ಹಿಂದೆ ಬಂದು, ಬೆವರಿದೆಯಾ ಅಂತ ನೋಡಿ ಹೋಯಿತು. ಶಿವು ಹಲ್ಲು ಕಚ್ಚಿ ಹಾಗೇ ಬಿದ್ದುಕೊಂಡ. ರಾತ್ರಿಯೆಲ್ಲ ಪಾಳಿ ಮಾಡಿದ ದೇಹ, ಯಾವಾಗಲೋ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ಕಾವ್ಯ ಅದೇ ಜಾಗದಲ್ಲಿ ಮಂಡಿ ಮಡಿಚಿಕೊಂಡು ಕೂತಿದ್ದಳು. ನಿದ್ದೆ ತಡೆದು ತಡೆದು ಕಣ್ಣು ಕೆಂಪಾಗಿದ್ದವು, ತಲೆ ತೂಕಡಿಸಿ ತೂಕಡಿಸಿ ಎದ್ದೇಳುತ್ತಿತ್ತು. ಅಪ್ಪ ಕಣ್ಣು ಬಿಟ್ಟಿದ್ದು ಕಂಡ ಕೂಡಲೇ ಮುಖವೆಲ್ಲ ಅರಳಿತು.

"ಒಂದು ಸಲನೂ ಕೂಗ್ಲಿಲ್ಲ ಅಪ್ಪಾ!" ಅಂದಳು. "ನಾನು ಮಲಗ್ಲೇ ಇಲ್ಲ, ನೋಡು!"

ಶಿವುವಿನ ತೋಳು ಚಾಚಿದಂತೆಯೇ ಇತ್ತು. ಅದನ್ನು ಮೆಲ್ಲಗೆ ಮಡಿಚಿಕೊಂಡು ಅಂದ, "ಹೂಂ ಕಣವ್ವಾ. ಜಾಣೆ ನೀನು."